ಕುಲಕರ್ಣಿ, ಕಾಲುವೆ ಮತ್ತು ಎಐ ಏಜೆಂಟನ ಲೆಕ್ಕ

ಎಐ ಏಜೆಂಟುಗಳ ಬಳಕೆ ವರದಿ ಕೊಡೋ ಒಂದು ಚಿಕ್ಕ ಟೂಲಿಗೆ ಈಚೆಗೆ ಕನ್ನಡದಲ್ಲಿ ಕೈಪಿಡಿ ಬರೀತಾ ಇದೀನಿ. ಏಜೆಂಟು ಅಂದ್ರೆ ನಾವು ಒಂದು ಕೆಲಸ ಹೇಳಿದ್ರೆ, ಭಾಷಾ ಮಾದರಿಯನ್ನ ಮತ್ತೆ ಮತ್ತೆ ಕೇಳಿ, ತಾನೇ ಹೆಜ್ಜೆ ಹೆಜ್ಜೆಯಾಗಿ ಅದನ್ನ ಮುಗಿಸೋ ತಂತ್ರಾಂಶ. ಪ್ರತಿ ಸಲ ಕೇಳಿದಾಗಲೂ ಖರ್ಚು ಬೀಳೋದು ನಮ್ಮ ಖಾತೆಗೆ. ಯಾವ ಏಜೆಂಟು, ಯಾವ ಕೆಲಸಕ್ಕೆ, ಎಷ್ಟು ಟೋಕನ್ ಬಳಸಿತು ಅಂತ ಬರೆದಿಡೋದಷ್ಟೇ ಈ ಟೂಲಿನ ಕೆಲಸ.

ಕೇಳೋಕೆ ಇದು ತೀರಾ ಹೊಸ ಕಾಲದ ತಾಪತ್ರಯ ಅನ್ಸುತ್ತೆ. ಆದ್ರೆ ಬೇರೆಯವರ ಕೈಲಿ ಲೆಕ್ಕ, ನಮ್ಮ ತಲೆ ಮೇಲೆ ಬಿಲ್ಲು... ನಮ್ಮ ಲಕ್ಕಲಕಟ್ಟಿ, ಗಜೇಂದ್ರಗಡ, ರೋಣ, ನರಗುಂದ ಸೀಮೆಯವರಿಗೆ ಇದೇನೂ ಹೊಸದಲ್ಲ :)

ಮೊದಲು ಕುಲಕರ್ಣಿಯ ಕತೆ ನೋಡೋಣ. ಮರಾಠರ ಆಳ್ವಿಕೆಯಲ್ಲಿ ನಮ್ಮ ಊರುಗಳಲ್ಲಿ ಕಂದಾಯ ವಸೂಲಿ ಗೌಡನ ಕೆಲಸ, ಲೆಕ್ಕ ಬರೆಯೋದು ಕುಲಕರ್ಣಿಯ ಕೆಲಸ. ಇದರಲ್ಲೊಂದು ಜಾಣತನ ಇದೆ ನೋಡಿ. ದುಡ್ಡು ಮುಟ್ಟೋ ಕೈ ಬೇರೆ, ಲೆಕ್ಕ ಬರೆಯೋ ಕೈ ಬೇರೆ. ಇವತ್ತಿನ ಯಾವ ಆಡಿಟರನೂ ಒಪ್ಪೋ ಮಾತು. ಆದ್ರೆ ಆ ಲೆಕ್ಕ ಬಹಳಷ್ಟು ಇರ್ತಾ ಇದ್ದದ್ದು ಮರಾಠಿಯಲ್ಲಿ, ಅದೂ ಮೋಡಿ ಲಿಪಿಯಲ್ಲಿ. ಕಂದಾಯ ಕಟ್ಟೋ ರೈತ ಮಾತಾಡೋದು ಕನ್ನಡ. ತನ್ನ ಹೆಸರಿನ ಮುಂದೆ ಏನು ಬರೆದಿದಾರೆ ಅನ್ನೋದನ್ನ ಅವನು ಬರೆದವನ ಬಾಯಿಂದಲೇ ಕೇಳಬೇಕು! 1818ರಲ್ಲಿ ಪೇಶ್ವೆ ಆಡಳಿತ ಮುಗಿದು ಕಂಪನಿ ಸರಕಾರ ಬಂದ ಮೇಲೂ ಕುಲಕರ್ಣಿ ವತನ ಉಳೀತು. ಅದನ್ನ ಕಾನೂನಾಗಿ ತೆಗೆದದ್ದು 1950ರ ಮುಂಬಯಿ ಕಾಯ್ದೆ. ಆಮೇಲೆ ಪಗಾರದ ತಲಾಟಿ ಬಂದ, ದಫ್ತರ ಮಾತ್ರ ಅವನ ಕೈಯಲ್ಲೇ ಇತ್ತು.

ಎರಡನೇ ಕತೆ ನೀರಿನದು, ರಕ್ತದ್ದೂ ಹೌದು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ರು. 1970ರ ದಶಕದಲ್ಲಿ ನರಗುಂದ, ನವಲಗುಂದದ ಎರಿ ಹೊಲಗಳಿಗೆ ಕಾಲುವೆ ಬಂತು. ಅದರ ಹಿಂದೇನೇ ನೀರಿನ ಕರ ಬಂತು, ಅಭಿವೃದ್ಧಿ ಕರವೂ ಬಂತು. ಕಾಲುವೆಯಿಂದ ನಿನ್ನ ಜಮೀನಿನ ಬೆಲೆ ಏರಿದೆ, ಆದ್ದರಿಂದ ಅದರ ಪಾಲು ಕೊಡು ಅನ್ನೋ ತರ್ಕ. ಲೆಕ್ಕ ಎಕರೆಯ ಮೇಲೆ. ಹೊಲದ ಬಾಯಿಗೆ ಎಷ್ಟು ನೀರು ಬಂತು ಅಂತ ಅಳೆಯೋ ಮೀಟರು ಇರಲಿಲ್ಲ. ನಕ್ಷೆಯಲ್ಲಿ ಹೊಲ ಅಚ್ಚುಕಟ್ಟಿನೊಳಗೆ ಬಂದ್ರೆ ಬಿಲ್ಲು ಬಂತು ಅಂತಲೇ ಅರ್ಥ. ನೀರು ಮುಟ್ಟದವನಿಗೂ ಕರ, ನೀರು ಹೆಚ್ಚಾಗಿ ಭೂಮಿ ಜವಳಾದವನಿಗೂ ಕರ. ಮೇಲೆ ಹತ್ತಿ ಬೆಲೆ ಬೇರೆ ಬಿದ್ದಿತ್ತು.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯ್ತು. ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಸತ್ತರು. ಗುಂಡೂರಾವ್ ಸರಕಾರ ಕರದ ವಿಷಯದಲ್ಲಿ ಹಿಂದೆ ಸರಿಯಬೇಕಾಯ್ತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಆ ದಿನವನ್ನ ಈಗಲೂ ರೈತ ಹುತಾತ್ಮ ದಿನ ಅಂತ ಆಚರಿಸ್ತಾರೆ. ಕಾರಣಗಳು ಹಲವು ಇದ್ದವು, ಒಪ್ಪೋಣ. ಆದ್ರೆ ಅದರ ನಡುವೆ ಇದ್ದದ್ದು ಒಂದು ಸರಳ ಪ್ರಶ್ನೆ: ನಾನು ಬಳಸಿದ್ದೆಷ್ಟು ಅಂತ ತೋರಿಸದೆ ಬಿಲ್ಲು ಹೆಂಗ ಕೊಡ್ತೀ?

ಮೂರನೇದು ಭೂಮಿ ಯೋಜನೆ, ನಮ್ಮ ಐಟಿ ಮಂದಿಗೆ ಗೊತ್ತಿರೋದೇ. 2000ದ ಆಸುಪಾಸಿನಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಪಹಣಿ ಅಂದ್ರೆ ನಮ್ಮ ಕಡೆ ಉತಾರ. ತಾಲೂಕು ಕೇಂದ್ರಕ್ಕೆ ಹೋಗಿ 15 ರೂಪಾಯಿ ಕೊಟ್ರೆ ಪ್ರತಿ ಸಿಗೋ ಹಂಗಾಯ್ತು, ಅದೂ ಕನ್ನಡದಲ್ಲಿ. ಇದನ್ನ ಎಲ್ರೂ ಹೇಳ್ತಾರೆ. ನನಗೆ ಇಷ್ಟವಾದದ್ದು ಇನ್ನೊಂದು: ದಾಖಲೆ ತಿದ್ದೋ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಅಂದ್ರೆ ಯಾರು, ಯಾವಾಗ, ಏನು ಬದಲಾಯಿಸಿದರು ಅನ್ನೋದಕ್ಕೆ ಗುರುತು ಉಳೀತು. ಇದರಿಂದ ಲಂಚ ಮಾಯವಾಯ್ತು ಅಂತ ನಾನು ಹೇಳ್ತಿಲ್ಲ. ತಪ್ಪು ನಮೂದಿಗೆ ಒಬ್ಬ ಒಡೆಯ ಇರ್ತಾನೆ, ಅಷ್ಟೆ. ಅದು ಕಡಿಮೆ ಏನಲ್ಲ.

ಈಗ ಏಜೆಂಟಿನ ವಿಷಯಕ್ಕೆ ಬರೋಣ. ಈ ಮೂರು ಕತೆಗಳಿಂದ ಕೈಪಿಡಿಗೆ ಮೂರು ಮಾತು ಸಿಕ್ಕವು. ಒಂದು, ಏಜೆಂಟು ತನ್ನ ಲೆಕ್ಕ ತಾನೇ ಬರೆದುಕೊಳ್ಳಬಾರದು. ಖರ್ಚು ಮಾಡಿದ್ದನ್ನ ಅದರ ಹೊರಗೆ ನಿಂತ ಟೂಲು ಎಣಿಸಬೇಕು. ಎರಡು, ಎಣಿಕೆ ಹೊಲದ ಬಾಯಲ್ಲೇ ಆಗಬೇಕು. ತಿಂಗಳ ಕೊನೆಗೆ ಒಂದು ದೊಡ್ಡ ಮೊತ್ತ ತೋರಿಸಿದರೆ ಏನೂ ತಿಳಿಯಲ್ಲ. ಏಜೆಂಟು ಸಾಮಾನ್ಯವಾಗಿ ಪ್ರತಿ ಹೆಜ್ಜೆಗೂ ಹಿಂದಿನ ಮಾತುಕತೆಯನ್ನೆಲ್ಲ ಮತ್ತೆ ಕಳಿಸುತ್ತೆ. ಹತ್ತನೇ ಹೆಜ್ಜೆಯ ಖರ್ಚು ಮೊದಲನೇದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು. ಹೆಜ್ಜೆವಾರು ಬರೆದರೆ ಮಾತ್ರ ನೀರು ಎಲ್ಲಿ ಸೋರಿತು ಗೊತ್ತಾಗೋದು. ಮೂರು, ಪ್ರತಿ ನಮೂದಿಗೂ ಹೆಸರಿರಲಿ: ಯಾವ ಏಜೆಂಟು, ಯಾರ ಅಪ್ಪಣೆ, ಯಾವ ಹೊತ್ತು.

ಕನ್ನಡದಲ್ಲಿ ಬರೆಯೋ ನಮಗೆ ಇದು ಇನ್ನೂ ಹತ್ತಿರದ ವಿಷಯ. 'ಸ್ತ್ರೀ' ನಮಗೆ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟು. ಹಲವು ಮಾದರಿಗಳಲ್ಲಿ ಅದೇ ಅರ್ಥದ ಇಂಗ್ಲಿಷ್ ವಾಕ್ಯಕ್ಕಿಂತ ಕನ್ನಡ ವಾಕ್ಯಕ್ಕೆ ಹೆಚ್ಚು ಟೋಕನ್ ಬೀಳುತ್ತೆ. ಅಂದ್ರೆ ಅದೇ ಕೆಲಸಕ್ಕೆ ನಮ್ಮ ಭಾಷೆಯಲ್ಲಿ ಹೆಚ್ಚು ಕರ! ಎಕರೆ ಲೆಕ್ಕದ ಹಾಗೇ ಟೋಕನ್ ಲೆಕ್ಕವೂ ಯಾರೋ ಎಲ್ಲೋ ಕೂತು ಮಾಡಿದ ಅಳತೆ. ಅದನ್ನ ಪ್ರಶ್ನಿಸಬೇಕಾದ್ರೆ ಮೊದಲು ನಮ್ಮ ಕೈಯಲ್ಲಿ ನಮಗೆ ಓದೋಕೆ ಬರೋ ಲೆಕ್ಕ ಇರಬೇಕು.

ಅದಕ್ಕೇ ಈ ಕೈಪಿಡಿ ಕನ್ನಡದಲ್ಲಿ. ವರದಿಯ ಮೊದಲ ಓದುಗ ದುಡ್ಡು ಕಟ್ಟೋನು, ಅದನ್ನ ಮಾಡಿದ ಇಂಜಿನಿಯರ್ ಅಲ್ಲ. ಅವನಿಗೆ ಓದೋಕೆ ಬರದಿದ್ರೆ ಅದೂ ಒಂದು ಮೋಡಿ ದಫ್ತರವೇ. ನಿಮ್ಮ ಊರಿನ ಕಡೆ ಹಳೇ ಲೆಕ್ಕದ ಕಡತ, ದಫ್ತರ ಏನಾದ್ರೂ ಉಳಿದಿವೆಯಾ? ಇದ್ರೆ ತಪ್ಪದೆ ತಿಳಿಸಿ.