ಪ್ಲೇಗು ನಮ್ಮ ರಕ್ತದ ಬಲೆ ಹರಿದದ್ದು ಹ್ಯಾಂಗ

ನಮ್ಮ ಔರಾದದಿಂದ ಲಾತೂರ ಜಿಲ್ಲೆ ದಾಟಿದ್ರ ಬೀಡ ಜಿಲ್ಲೆ. 1994ರ ಆಗಸ್ಟ್‌ನಾಗ ಅಲ್ಲಿಯ ಮಾಮ್ಲಾ ಹಳ್ಳಿಯೊಳಗ ಪ್ಲೇಗು ಕಾಣಿಸಿತು. ಮುಂದಿನ ತಿಂಗಳು ಸೂರತ್‌ನಿಂದ ಲಕ್ಷಗಟ್ಟಲೆ ಜನ ಊರು ಬಿಟ್ರು. 1898ರಲ್ಲಿ ಹುಬ್ಬಳ್ಳಿ, ಬೆಂಗಳೂರು ಕಂಡದ್ದೂ ಇದೇ ರೋಗ.

ಚಿಗಟ ಕಚ್ಚಿದ್ದು ಸಾಸಿವೆಯಷ್ಟು ಜಾಗ. ಅಲ್ಲಿಂದ ರೋಗಾಣು ಇಡೀ ಮೈಗೆ ಹ್ಯಾಂಗ ಹರಡತದ?

ರೋಗಾಣು ಹೊಕ್ಕಲ್ಲಿ ದೇಹ ಫೈಬ್ರಿನ್ ಎಂಬ ನೂಲಿನ ಬಲೆ ಹೆಣೀತದ. ರಕ್ತ ಹೆಪ್ಪುಗಟ್ಟೋದೂ ಈ ನೂಲಿನಿಂದಲೇ. ಬಲೆಗೆ ಬಿದ್ದದ್ದನ್ನ ಬಿಳಿ ರಕ್ತಕಣ ಬಂದು ನುಂಗತದ. ಗಾಯ ಮಾಯ್ದ ಮ್ಯಾಲೆ ಬಲೆ ಕರಗಿಸಲಿಕ್ಕೆ ಪ್ಲಾಸ್ಮಿನ್ ಅದ. ಅಲ್ಲೀತನಕ ಅದಕ್ಕ ಬೀಗ. ಪ್ಲೇಗಿನ ರೋಗಾಣು ತನ್ನ ಮೈಮೇಲಿನ ‘ಪ್ಲಾ’ ಎಂಬ ಪ್ರೋಟೀನಿನಿಂದ ಆ ಬೀಗವನ್ನೇ ತೆಗೀತದ. ಬಿ.ಕಾಂ. ಓದಿದವನಿಗೆ ಇದು ನಮ್ಮದೇ ಚೆಕ್‌ಬುಕ್ಕಿನಿಂದ ಕಳ್ಳ ರೊಕ್ಕ ತೆಗೆದ ಹಾಗೆ ಕಾಣತದ.

1992ರಲ್ಲಿ ಅಮೆರಿಕದ ವಿಜ್ಞಾನಿಗಳು ‘ಪ್ಲಾ’ ತೆಗೆದ ರೋಗಾಣುವನ್ನ ಪ್ರಯೋಗದ ಇಲಿಗಳ ಚರ್ಮದ ಕೆಳಗೆ ಚುಚ್ಚಿದರು. ಕೊಲ್ಲಲಿಕ್ಕೆ ಬೇಕಾದ ಪ್ರಮಾಣ ಹತ್ತು ಲಕ್ಷ ಪಟ್ಟು ಏರಿತು! ನೇರ ರಕ್ತನಾಳಕ್ಕೆ ಕೊಟ್ಟಾಗ ಮಾತ್ರ ಹೆಚ್ಚು ಫರಕ್ ಬೀಳಲಿಲ್ಲ. ಅಂದ್ರ ‘ಪ್ಲಾ’ದ ಕೆಲಸ ಬಾಗಿಲಲ್ಲೇ.

ಕುರು ಎಬ್ಬಿಸುವ ಸ್ಟ್ಯಾಫ್ ರೋಗಾಣುವಿನ ಆಟ ಉಲ್ಟಾ. ಅದು ತಾನೇ ರಕ್ತ ಹೆಪ್ಪುಗಟ್ಟಿಸಿ, ಆ ಬಲೆಯನ್ನೇ ಹೊದ್ದುಕೊಂಡು ಅಡಗತದ.

1994ರಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಇದ್ದವು. ಅದಕ್ಕ ಬೀಗದ ಗೊಡವೆ ಇಲ್ಲ, ರೋಗಾಣು ಬೆಳೆಯೋದನ್ನೇ ತಡೀತದ. ಹುಬ್ಬಳ್ಳಿಯವರಿಗೆ ಆಗ ಇದ್ದದ್ದು ಹಾಫ್ಕಿನ್ ಲಸಿಕೆ, ಇಲ್ಲಾ ಊರ ಹೊರಗಿನ ಗುಡಿಸಲು.