ಪ್ರೇಮ: ಬಗೆಗಳು ಮತ್ತು ಪುರಾವೆ (ಮಂಡ್ಯ ಸೀಮೆಯ ಐತಿಹ್ಯ, ಸಾಹಿತ್ಯಗಳಲ್ಲಿ)

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಐತಿಹ್ಯ ಮತ್ತು ಕಾವ್ಯಗಳಲ್ಲಿ ಭಕ್ತಿ, ವಾತ್ಸಲ್ಯ, ವಿರಹ, ದಾಂಪತ್ಯ ಎಂದು ಪ್ರೇಮ ಹಲವು ಬಗೆಯಾಗಿ ಬಂದಿದೆ. ಒಲವು ನಿಜವೆಂದು ತಿಳಿಯುವುದು ಹೇಗೆಂಬ ಪ್ರಶ್ನೆಗೂ ಅಲ್ಲಿ ಒಂದೇ ಉತ್ತರವಿಲ್ಲ.

ಹೆಚ್ಚು ಪ್ರಸಿದ್ಧವಾದುದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೀಬಿ ನಾಚ್ಚಿಯಾರ್ ಕಥೆ. ಅಲ್ಲಿನ ದೇವರಾದ ಚೆಲುವನಾರಾಯಣನ ಉತ್ಸವಮೂರ್ತಿ ರಾಮಪ್ರಿಯ ದಿಲ್ಲಿಯ ಸುಲ್ತಾನನ ಅರಮನೆ ಸೇರಿತ್ತು. ಅವನ ಮಗಳು, ಮುಂದೆ ಬೀಬಿ ನಾಚ್ಚಿಯಾರ್ ಎನಿಸಿದವಳು, ಅದನ್ನು ಬೊಂಬೆ ಮಾಡಿಕೊಂಡು ಆಡುತ್ತಿದ್ದಳು. ಹುಡುಕಿಕೊಂಡು ಹೋದ ರಾಮಾನುಜಾಚಾರ್ಯರು ಮಗುವನ್ನು ಕರೆದಂತೆ ಕರೆದಾಗ ಮೂರ್ತಿ ತಾನಾಗಿ ಬಂದು ಅವರ ತೊಡೆಯೇರಿತು. ಚೆಲುವಪಿಳ್ಳೆ, ಸಂಪತ್ಕುಮಾರ ಎಂಬ ಹೆಸರುಗಳನ್ನು ಈ ಪ್ರಸಂಗಕ್ಕೇ ಜೋಡಿಸುತ್ತಾರೆ. ಅಗಲಿಕೆ ತಾಳದ ರಾಜಕುಮಾರಿ ಬೆನ್ನುಹತ್ತಿ ಬಂದು ಸ್ವಾಮಿಯಲ್ಲಿ ಐಕ್ಯಳಾದಳು. ಆಕೆಯ ವಿಗ್ರಹಕ್ಕೆ ದೇವರ ಪಾದದ ಬಳಿ ಸ್ಥಾನವಿದೆ. ತಮಿಳುನಾಡಿನ ಶ್ರೀರಂಗದಲ್ಲೂ ತುಲುಕ್ಕ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಇಂಥದೇ ಕಥೆಯುಂಟು.

ರಾಮಾನುಜರ ಕಾಲ ಸಂಪ್ರದಾಯದ ಎಣಿಕೆಯಲ್ಲಿ 1017–1137. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಮೊದಲಾದದ್ದು 1206ರಲ್ಲಿ. ಚರಿತ್ರೆಯಾಗಿ ಕಥೆ ನಿಲ್ಲುವುದಿಲ್ಲ. ಪ್ರೇಮದ ವಿಚಾರವಾಗಿ ಅದು ಹೇಳುವುದು ಮಾತ್ರ ಸೂಕ್ಷ್ಮವಾಗಿದೆ. ಆಚಾರ್ಯರ ವಾತ್ಸಲ್ಯಕ್ಕೆ ದೇವರೇ ಓಗೊಟ್ಟು ಸಾಕ್ಷಿಯಾದ. ರಾಜಕುಮಾರಿಗೆ ಕೊನೆಯ ಐಕ್ಯದವರೆಗೆ ಅಂಥ ಪವಾಡವೇನೂ ಒದಗಲಿಲ್ಲ. ದೇವರು ಅವಳನ್ನು ಬಿಟ್ಟೇ ಹೊರಟ. ಅಲ್ಲಿಯವರೆಗೆ ಅವಳ ಪಾಲಿಗಿದ್ದ ಪುರಾವೆ ಅವಳು ಸವೆಸಿದ ದಾರಿಯಷ್ಟೇ.

ರಾಮಾನುಜರ ವಿಶಿಷ್ಟಾದ್ವೈತ ದರ್ಶನ ಪ್ರತ್ಯಕ್ಷ, ಅನುಮಾನ (ತರ್ಕದ ಊಹೆ), ಶಬ್ದ (ನಂಬಲರ್ಹ ಮಾತು) ಎಂಬ ಮೂರು ಪ್ರಮಾಣಗಳನ್ನು, ಎಂದರೆ ಅರಿವಿನ ಸಾಧನಗಳನ್ನು, ಒಪ್ಪುತ್ತದೆ. ಇನ್ನೊಬ್ಬರ ಒಲವು ಕಣ್ಣಿಗೆ ಕಾಣದು; ಮಾತನ್ನು ನಂಬಬೇಕು, ಇಲ್ಲವೇ ನಡತೆಯಿಂದ ಊಹಿಸಬೇಕು. ಹೊಗೆಯಿಂದ ಬೆಂಕಿಯನ್ನು ಊಹಿಸುವ ತರ್ಕ ಇಲ್ಲಿ ಕುಂಟುತ್ತದೆ: ಸೇವೆ, ತ್ಯಾಗ, ಕಣ್ಣೀರು ಇವು ಭಯದಿಂದಲೂ ರೂಢಿಯಿಂದಲೂ ಹಂಗಿನಿಂದಲೂ ಬರಬಲ್ಲವು.

ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಆಸ್ಥಾನಾಶ್ರಯದಲ್ಲಿದ್ದ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’ ಓದುವಾಗ ಈ ತೊಡಕು ಎದುರಾಗುತ್ತದೆ. ಸಾಂಗತ್ಯದ ಈ ಕೃತಿಗೆ ಸತಿಯ ದಿನನಿತ್ಯದ ನಡವಳಿಕೆಯೇ ಒರೆಗಲ್ಲು. ಪರೀಕ್ಷೆಯ ಭಾರ ಬಹುಪಾಲು ಹೆಂಡತಿಯ ಮೇಲೆ ಬೀಳುತ್ತದೆ. ಆದರೂ ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಹೊನ್ನಮ್ಮ ಅಲ್ಲಿಯೇ ತರಾಟೆಗೆ ತೆಗೆದುಕೊಂಡಿದ್ದಾಳೆ. ಹೆತ್ತವರ ಪ್ರೀತಿಯಲ್ಲಿ ಭೇದವಿರಬಾರದೆಂಬ ಈ ವಾದಕ್ಕೆ ಪತಿವ್ರತಾ ಧರ್ಮದ ಉಪದೇಶಕ್ಕಿಂತ ಹೆಚ್ಚು ಬಾಳಿಕೆಯಿದೆ.

ಮೇಲುಕೋಟೆಯವರೇ ಆದ ಪು.ತಿ. ನರಸಿಂಹಾಚಾರ್ (1905–1998) ‘ಗೋಕುಲ ನಿರ್ಗಮನ’ ಗೀತನಾಟಕದಲ್ಲಿ ವಿರಹವನ್ನು ತೋರಲು ಕೃಷ್ಣ ಮಧುರೆಗೆ ಹೊರಡುವ ಗಳಿಗೆಯನ್ನು ಆರಿಸಿಕೊಂಡರು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಒಬ್ಬರ ಸ್ವಂತ ದನಿಯಲ್ಲಿ ಒಲವನ್ನು ನುಡಿಯುವ ಭಾವಗೀತೆಗೆ ದಾರಿ ಮಾಡಿತು.

ಆ ದಾರಿಯಲ್ಲಿ ಬಂದವರು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ. ‘ಮೈಸೂರ ಮಲ್ಲಿಗೆ’ಯಲ್ಲಿ (1942) ಗಂಡ ಹೆಂಡಿರ ನಡುವೆ ಪ್ರಮಾಣ ಕೇಳುವವರಿಲ್ಲ. ತವರಿಗೆ ಹೋಗುವ ಸಡಗರ, ಮಾವನ ಮನೆಯ ಉಪಚಾರ, ಹುಸಿಮುನಿಸು, ಛೇಡಿಕೆ ಇವೇ ಅಲ್ಲಿನ ಸರಕು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ರಾಗ ಹಾಕಿದ ಮೇಲೆ ಪುಸ್ತಕ ತೆರೆಯದವರ ಬಾಯಲ್ಲೂ ಈ ಪದ್ಯಗಳು ನಿಂತವು.