ಶೆಲ್ಲಿನ ನೆನಪು



ನಮ್ಮ ಪರಿಗಿ ಕಡೆ ಬ್ಯಾಟರಿ ಎಂದರೆ ಟಾರ್ಚು. ಅದರ ಹೊಟ್ಟೆಯೊಳಗಿರುವುದು ಶೆಲ್ಲು. ತೆಲುಗು ಮಾತಾಡುವ ಮನೆಗಳಲ್ಲೂ ಹೀಗೇ ಅನ್ನುತ್ತಾರೆ. ಈ ಶೆಲ್ಲುಗಳಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡುವಂಥವು ಇವೆಯಲ್ಲ, ಅವನ್ನು ಪೂರ್ತಿ ಖಾಲಿಯಾಗುವ ತನಕ ಚಾರ್ಜಿಗೆ ಹಾಕಬಾರದು ಎಂದು ಅಂಗಡಿಯವರು ಹೇಳುವುದನ್ನು ನೀವು ಕೇಳಿರುತ್ತೀರಿ. ನಾನೂ ನಂಬಿದ್ದೆ. ಆ ಮಾತಿನ ಮೂಲ ಹುಡುಕಿ ಹೊರಟರೆ ಆಕಾಶಕ್ಕೇ ಹೋಗಬೇಕು.

1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ಎಂಬವರು ನಿಕಲ್ ಮತ್ತು ಕ್ಯಾಡ್ಮಿಯಂ ಬಳಸಿ ಶೆಲ್ಲು ಮಾಡಿದರು. ನಮ್ಮ ಪಕ್ಕದ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ಆರ್ಯಭಟ ಉಪಗ್ರಹದಲ್ಲೂ ಇದ್ದದ್ದು ಅದೇ ಜಾತಿಯ ಶೆಲ್ಲು. ಉಪಗ್ರಹ ಭೂಮಿಯ ನೆರಳಿಗೆ ಬಂದಾಗ ಶೆಲ್ಲಿನಿಂದ ಖರ್ಚು, ಬಿಸಿಲಿಗೆ ಬಂದಾಗ ಜಮೆ. ಪ್ರತಿ ಸುತ್ತಿನಲ್ಲೂ ಅಷ್ಟೇ ಖರ್ಚು, ಅಷ್ಟೇ ಜಮೆ ಎಂದು ನಡೆದರೆ ಕ್ಯಾಡ್ಮಿಯಂ ಶೆಲ್ಲು ಅದಕ್ಕೇ ಒಗ್ಗಿಹೋಗಿ ಮಿಕ್ಕದ್ದನ್ನು ಕೊಡಲು ತಕರಾರು ಮಾಡುತ್ತದೆ. ಈ ಚಾಳಿಗೆ ತಿಳಿದವರು 'ನೆನಪು' ಎಂದು ಹೆಸರಿಟ್ಟರು. ಖಾಲಿ ಮಾಡಿ ಎಂಬ ಬುದ್ಧಿವಾದ ಹುಟ್ಟಿದ್ದು ಅದರಿಂದಲೇ.

ಕ್ಯಾಡ್ಮಿಯಂ ವಿಷ. ಅದರ ಜಾಗದಲ್ಲಿ ಜಲಜನಕವನ್ನು ಹೀರಿಟ್ಟುಕೊಳ್ಳುವ ಮಿಶ್ರಲೋಹ ಹಾಕಿದ್ದೇ ನಿಕಲ್ ಮೆಟಲ್ ಹೈಡ್ರೈಡ್ ಶೆಲ್ಲು. ಅಮೆರಿಕದ ಸ್ಟ್ಯಾನ್‌ಫರ್ಡ್ ಓವ್ಷಿನ್ಸ್ಕಿಯವರೂ ಜಪಾನಿನ ಕಂಪನಿಗಳೂ ದುಡಿದು 1990ರ ಹೊತ್ತಿಗೆ ಅದು ಮಾರಾಟಕ್ಕೆ ಬಂತು. ಓವ್ಷಿನ್ಸ್ಕಿಯವರು ಕಾಲೇಜು ಓದಿದವರಲ್ಲ. ಮೆಟ್ರಿಕ್ಕಿಗೇ ನಿಂತ ನನಗೆ ಇದನ್ನು ಹೇಳುವುದೇ ಒಂದು ಖುಷಿ.

ಈ ಹೊಸ ಶೆಲ್ಲಿಗೆ ಆ ನೆನಪಿನ ಕಾಟ ಬಹಳ ಕಡಿಮೆ. ಅರ್ಧ ಉಳಿದಿದ್ದರೂ ಧಾರಾಳವಾಗಿ ಚಾರ್ಜಿಗೆ ಹಾಕಿ. ಪೂರ್ತಿ ಬರಿದು ಮಾಡುವುದರಲ್ಲೇ ಅಪಾಯ. ಜೋಡಿಯಲ್ಲಿ ಬಡವಾದ ಶೆಲ್ಲು ಕೆಟ್ಟುಹೋಗುತ್ತದೆ.

ಇನ್ನು ಲೆಕ್ಕ, ಬ್ಯಾಂಕಿನಲ್ಲಿ ಬಾಳು ಸವೆಸಿದವನು ಇದನ್ನು ಬಿಡುವುದುಂಟೇ? ಶೆಲ್ಲಿನ ಮೇಲೆ 2000 ಎಂ.ಎ.ಎಚ್., ಚಾರ್ಜರಿನ ಮೇಲೆ 200 ಎಂ.ಎ. ಎಂದಿದ್ದರೆ, ಭಾಗಿಸಿ 10 ಗಂಟೆ ಅನ್ನುತ್ತೀರಿ. ಆದರೆ ಕಟ್ಟಿದ್ದೆಲ್ಲ ಖಾತೆಗೆ ಬೀಳುವುದಿಲ್ಲ, ಒಂದು ಪಾಲು ಶಾಖವಾಗಿ ಹೋಗುತ್ತದೆ. ಆದ್ದರಿಂದ 14ರಿಂದ 16 ಗಂಟೆ ಇಡಬೇಕು. ಕರೆಂಟು ಹೋದ ಹೊತ್ತನ್ನು ಎಣಿಸಬೇಡಿ. ತುಂಬಿದ ಮೇಲೆ ಕಟ್ಟಿದ್ದೆಲ್ಲ ಬರೀ ಶಾಖವೇ. ತಾನೇ ನಿಲ್ಲುವ ಚಾರ್ಜರಾದರೆ ಚಿಂತೆಯಿಲ್ಲ. ನನ್ನದು ಹಾಗಿರಲಿಲ್ಲ, ಮದುವೆಗೆಂದು ಹೋಗಿ ಮೂರು ದಿನ ಮರೆತುಬಿಟ್ಟೆ. ಆಮೇಲೆ ಆ ಶೆಲ್ಲುಗಳಲ್ಲಿ ರೇಡಿಯೋ ಒಂದು ವಾರ್ತೆ ಮುಗಿಯುವ ತನಕವೂ ಮಾತಾಡಲಿಲ್ಲ.

ಸುಮ್ಮನೆ ಇಟ್ಟರೂ ಹಳೆಯ ಬಗೆಯವು ಕೆಲವು ತಿಂಗಳಲ್ಲಿ ಬರಿದಾಗುತ್ತವೆ. 2005ರಲ್ಲಿ ಜಪಾನಿನ ಸ್ಯಾನ್ಯೋ ತಂದ ಎನಿಲೂಪ್ ಬಗೆಯವು ವರ್ಷವಿಟ್ಟರೂ ಬಹುಪಾಲು ಉಳಿಸಿಕೊಳ್ಳುತ್ತವೆ. ಟಾರ್ಚಿಗೆ ಕೊಳ್ಳುವುದಾದರೆ ಅಂಥದ್ದನ್ನೇ ಕೇಳಿ. ಮಾಮೂಲಿ ಶೆಲ್ಲನ್ನು ಮಾತ್ರ ಚಾರ್ಜರಿಗೆ ಹಾಕಬೇಡಿ, ಸೋರುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ.